ಗ್ರೇಡರ್ ಬಂದ ದಾರಿ

ಮರ್ರೀ ಬಿಟ್ಟು ಮೂರನೇ ದಿನ.
ಐದಕ್ಕೇ ಎದ್ದು ನೀರಿನ ಲೆಕ್ಕ:
ಒಂಬತ್ತು ಲೀಟರು, ಮುಂದಿನ ನಲ್ಲಿಗೆ
ನೂರಾ ಹದಿನೈದು ಕಿಲೋಮೀಟರು.
ಗಾಳಿ ಎದುರಿಗೇ ನಿಂತಿತ್ತು,
ಕಾಫಿಗೂ ಮುಂಚೆ ಜಗಳ ತೆಗೆಯುವ ನೆಂಟನ ಹಾಗೆ.

ರಸ್ತೆಯೋ, ಕೆಂಪು ಮಣ್ಣಲ್ಲಿ ಎರೆದ
ಬಟ್ಟೆ ಒಗೆಯುವ ಹಲಗೆ.
ಹಲ್ಲು, ಬೋಲ್ಟು, ಚಹಾ ಡಬ್ಬಿ
ಎಲ್ಲಕ್ಕೂ ಒಂದೇ ಗಡಗಡ.
ನೊಣಗಳಿಗೆ ನನ್ನ ಕಣ್ಣೇ ಕೆರೆ.

ಸತ್ತ ಕಾಂಗರೂ ಮೇಲೆ ಕೂತ ಹದ್ದು
ಏಳಲೊಲ್ಲದೆ ನನ್ನನ್ನೇ ನೋಡಿತು,
ತೂಕ ಅಂದಾಜು ಮಾಡುವಂತೆ.
‘ಇನ್ನೂ ಇಲ್ಲ’ ಎಂದೆ, ಗಟ್ಟಿಯಾಗಿ.
ಆ ದಿನದ ಮೊದಲ ಮಾತು ಅದು.

ಮಧ್ಯಾಹ್ನ ನೆರಳು ಹುಡುಕಿ ಹುಡುಕಿ
ಸಿಕ್ಕಿದ್ದು ಸೈಕಲ್ಲಿನದೇ ನೆರಳು;
ತಲೆಯಷ್ಟೇ ಹಿಡಿಸಿತು,
ಕಾಲು ಬಿಸಿಲಿಗೆ ಬಿಟ್ಟೆ.

ಆಮೇಲೆ ಧೂಳು. ಧೂಳಿನೊಳಗಿಂದ ಹಳದಿ ಗ್ರೇಡರ್.
ಎಂಜಿನ್ ಆರಿಸಿ ಇಳಿದ ಲಾಕ್ಲನ್,
ಹನ್ನೆರಡು ದಿನಕ್ಕೊಮ್ಮೆ ಮನೆ ಕಾಣುವವ.
‘ಪಣಕ್ಕೋ, ಪ್ರಾಯಶ್ಚಿತ್ತಕ್ಕೋ?’ ಅಂದ.
ಉತ್ತರ ತೋಚದೆ ನೀರು ಕುಡಿದೆ.
ಐಸ್‌ಪೆಟ್ಟಿಗೆಯಲ್ಲಿ ತಡಕಾಡಿ
ಒಂದು ಕಿತ್ತಳೆ ತೆಗೆದ,
ಅಂಗಿಗೆ ಒರೆಸಿ ಕೊಟ್ಟ.
ಅವನಲ್ಲಿದ್ದದ್ದೂ ಅದೊಂದೇ,
ಪೆಟ್ಟಿಗೆ ಮುಚ್ಚಿದ ಸದ್ದಲ್ಲಿ ತಿಳಿಯಿತು.

ಅವನು ಹೆರೆದು ಬಂದ ಹದಿನೆಂಟು ಕಿಲೋಮೀಟರು
ಒರೆಸಿದ ಸ್ಲೇಟಿನಂತೆ ನುಣುಪು.
ಅದರ ಮೇಲೆ ನನ್ನದೊಂದೇ ಗೆರೆ.
ತಿರುಗಿ ನೋಡಿದೆ:
ನೆಟ್ಟಗೆ ಬಂದೆನೆಂದುಕೊಂಡದ್ದು
ಕುಡಿದವನ ಸಹಿಯಂತೆ ವಾಲಾಡಿತ್ತು.

ಕತ್ತಲು. ಡೇರೆ.
ನಲ್ಲಿಗೆ ಇನ್ನೂ ಮೂವತ್ತೊಂದು,
ಉಳಿದದ್ದು ಎರಡೂವರೆ ಲೀಟರು.
ಬೆರಳಲ್ಲಿ ಕಿತ್ತಳೆ ವಾಸನೆ.
ನೀರಿದ್ದರೂ
ಕೈ ತೊಳೆಯುತ್ತಿರಲಿಲ್ಲ.