ಉಪ್ಪುನೀರಲ್ಲಿ ತೇಲಿದ್ದು

ಸೋಮವಾರ ಹತ್ತೂಕಾಲಿಗೆ ಹುಚ್ರಾಯಪ್ಪ ಬಂದ,
ಕೈಯಲ್ಲಿ ಮುಲಾಮಿನ ಹಳೇ ಡಬ್ಬಿ,
ಮುಚ್ಚಳದ ಮೇಲೆ ಬಾಲ್‌ಪೆನ್ನಿನ ಅಕ್ಷರ:
ಹೆಬ್ಬಾವು. ಹೆಣ್ಣು. ಮೂರನೇ ಕೋಣೆ.
"ಮೂವತ್ತೆಂಟು ದಿನ ಕಾದೆ ಅಕ್ಕಾ, ಇಷ್ಟಕ್ಕೆ."
ಹಾವಿನ ಹೇಲು ತಂದವನ ದನಿಯಲ್ಲಿ
ಮೊಮ್ಮಗಳ ನಾಮಕರಣಕ್ಕೆ ಕರೆಯಲು ಬಂದವನ ಹಿಗ್ಗು.

ಹಾವು ಹೇಳಿಕೊಳ್ಳುವ ಜಾತಿಯಲ್ಲ.
ನರಳುವುದಿಲ್ಲ,
ಹೊಟ್ಟೆ ಹಿಡಿದು ಕೂರಲು ಕೈಯಿಲ್ಲ.
ಇಲಿ ಕೊಟ್ಟರೆ ಮುಖ ತಿರುಗಿಸುತ್ತದೆ,
ಪೊರೆಯನ್ನು ಹರಕು ಹರಕಾಗಿ ಬಿಡುತ್ತದೆ,
ಹಗಲೆಲ್ಲ ನೀರಿನ ತೊಟ್ಟಿಯಲ್ಲಿ ಮುಳುಗಿರುತ್ತದೆ.
ಅದರ ದೂರು ಅಷ್ಟೇ.
ಉಳಿದದ್ದನ್ನು ಡಬ್ಬಿಯಲ್ಲಿ ಓದಿಕೊಳ್ಳಬೇಕು.

ತೊಟ್ಟಿಯ ನೀರನ್ನೂ ತಂದಿದ್ದ, ಬಾಟಲಿಯಲ್ಲಿ.
ತಳದಲ್ಲಿ ಗಸಗಸೆಯಂಥ ಕರಿ ಚುಕ್ಕಿ.
"ಧೂಳು ಅಂದ್ಕೊಂಡೆ. ಆಮೇಲೆ ಧೂಳು ಕಾಲಾಡಿಸ್ತು."
ಬಿಳಿ ಕಾಗದದ ಮೇಲೆ ಒಂದನ್ನು ಒರೆಸಿದೆ:
ಕೆಂಪು.

ಗಂಟಲ ಕೆಳಗೆ, ಹುರುಪೆಯ ಸಂದಿನಲ್ಲಿ
ಉಣುಗೂ ಇದ್ದವಂತೆ, ಏಳು.
ಚಿಮಟದಲ್ಲಿ ಕಿತ್ತು, ಸೀಮೆಎಣ್ಣೆಗೆ ಹಾಕಿ,
ಎರಡೆರಡು ಸಲ ಎಣಿಸಿದನಂತೆ.
ಅವನ ಹೆಂಡತಿಯ ತವರು ಸಾಗರದಾಚೆ;
ಒಂದು ಬೇಸಗೆ ಕಾಡಲ್ಲಿ ಮಂಗಗಳು ಉದುರಿದವು,
ಆಮೇಲೆ ಅವಳಣ್ಣ.
"ಇದು ಆ ಉಣುಗಲ್ಲ ಮಾರಾಯ, ಹಾವಿಂದು ಬೇರೆ."
"ಉಣುಗು ಉಣುಗೇ ಅಕ್ಕಾ" ಅಂದ,
ತೋಳು ಮಡಚಿ ಮೊಣಕೈ ತಿರುಗಿಸಿ ನೋಡಿಕೊಂಡ.

ಇನ್ನು ಕರಗಲಾರೆ ಅನ್ನುವವರೆಗೆ ಉಪ್ಪು ಹಾಕಿದ ನೀರು.
ಕದಡಿ, ಸೋಸಿ, ಕೊಳವೆಯ ಬಾಯಿಗೆ ಉಬ್ಬುವಷ್ಟು ತುಂಬಿ
ಗಾಜಿನ ಚೂರು ಮುಚ್ಚಿದೆ.
ಇಪ್ಪತ್ತು ನಿಮಿಷ.
ಭಾರದ್ದು ತಳಕ್ಕೆ, ಮೊಟ್ಟೆ ಮೇಲಕ್ಕೆ.
ಅಷ್ಟರಲ್ಲಿ ಅವನು ತನ್ನ ಬಿಪಿ ಮಾತ್ರೆಯ ಬೆಲೆ ಹೇಳಿದ.

ಮಸೂರದಡಿ ಮೊದಲು ಕಂಡದ್ದು
ಒಂದು ಮಗ್ಗುಲು ಚಪ್ಪಟೆಯಾದ ಮೊಟ್ಟೆ,
ಸೌತೆಬೀಜದ ಹಾಗೆ. ಐದು. ಹನ್ನೊಂದು.
"ಹುಳು! ಬರೆದುಬಿಡಲಾ ಔಷಧಿ?"
ಡಾಕ್ಟರ್ ನಿಖತ್, ಕೆಲಸಕ್ಕೆ ಸೇರಿ ಮೂರು ತಿಂಗಳು.
ತಡೀರಿ ಮೇಡಂ. ಇದು ಇಲಿಯ ಹುಳುವಿನದು.
ಇಲಿಯ ಜೊತೆ ಒಳಗೆ ಹೋಗಿ
ಹಾವಿನ ಉದ್ದಕ್ಕೂ ಪಯಣಿಸಿ ಹಾಗೇ ಇಳಿದಿದೆ,
ಟಿಕೆಟ್ಟಿಲ್ಲದೆ ತಾಳಗುಪ್ಪಕ್ಕೆ ಹೋದವನ ಹಾಗೆ.
ತಿಂದವಳ ಮೇಲೆ ತಿನಿಸಿನ ರೋಗ ಹೊರಿಸಬಾರದು.

ಅಂದವಳು ಸ್ಲೈಡನ್ನು ಕೂದಲೆಳೆಯಷ್ಟು ಸರಿಸಿದೆ.
ತೆಳು ಸಿಪ್ಪೆ. ಒಳಗೆ ಮಡಿಸಿಟ್ಟ ದಾರ.
ದಾರ ಹೊರಳಿತು.

ಇದು ಅವಳದೇ.
ಶ್ವಾಸಕೋಶದಲ್ಲಿ ಹುಟ್ಟಿ ಗಂಟಲು ಹತ್ತಿ
ನುಂಗಿಸಿಕೊಂಡು ಇಳಿದು ಬಂದದ್ದು.

ಗೋಣಿಚೀಲದಲ್ಲಿ ತೂಗಿದೆವು: ಹನ್ನೊಂದು ಕೇಜಿ,
ಚೀಲದ ತೂಕ ಕಳೆದು.
ನಿಖತ್ ಮೂರು ಸಲ ಗುಣಿಸಿ ಔಷಧಿ ಅಳೆದರು,
"ಪಕ್ಕದ ಆಮೆಗೆ ಈ ಸೂಜಿ ತೋರಿಸಲೂಬೇಡಿ" ಅಂದರು,
ಆಮೆಗೆ ಇದೇ ವಿಷ.
ಮರದ ದಿಮ್ಮಿ ಸುಡು, ತೊಟ್ಟಿ ಕುದಿನೀರಲ್ಲಿ ತಿಕ್ಕು,
ಎಲೆಕಸದ ಬದಲು ಪೇಪರು ಹಾಸು, ದಿನಾ ಬದಲಿಸು,
ಮೂರನೇ ಕೋಣೆಯ ಚಿಮಟ ನಾಲ್ಕಕ್ಕೆ ದಾಟದಿರಲಿ.
ಔಷಧಿಗೆ ಮೊಟ್ಟೆ ಸಾಯುವುದಿಲ್ಲ,
ಎರಡು ವಾರಕ್ಕೆ ಮತ್ತೆ ಚುಚ್ಚಬೇಕು.

ಕಾಡಿನಲ್ಲೂ ಇವೇ ಹುಳು ಇರುತ್ತವೆ.
ಅಲ್ಲಿ ಅವಳು ಹೇತ ಜಾಗ ಬಿಟ್ಟು ಮುಂದೆ ಹೋಗುತ್ತಾಳೆ.
ಇಲ್ಲಿ ಎಂಟಡಿ.
ರೋಗಕಾರಣ ಅನ್ನುವ ಕಾಲಂ ಬಹಳ ಚಿಕ್ಕದು,
ಎಂಟಡಿ ಅಂತ ಅದರಲ್ಲಿ ಹೇಗೆ ಬರೆಯಲಿ.

ಮಳೆ ಹಿಡಿಯುವ ಹೊತ್ತಿಗೆ ಅದೇ ಡಬ್ಬಿ ಮತ್ತೆ ಬಂತು.
ಇಲಿ ತಿಂದಳಂತೆ, ಪೊರೆ ಒಂದೇ ಕಾಲುಚೀಲದಂತೆ ಕಳಚಿತಂತೆ.
ಉಪ್ಪುನೀರು. ಇಪ್ಪತ್ತು ನಿಮಿಷ.
ರಿಜಿಸ್ಟರಿನಲ್ಲಿ ಬರೆದೆ:
ಇಲಿಯದು ಇದೆ. ಹಾವಿನದು ಕಾಣಲಿಲ್ಲ.

"ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತಲೇನಕ್ಕಾ?"
ಡಬ್ಬಿ ತೊಳೆದು, ಒರೆಸಿ, ಅವನ ಕೈಗೆ ಕೊಟ್ಟೆ.