ತುಟಿ ಎರಡು ಮಾಡದೆ

ಮೊದಲ ದಿನವೇ ಹೇಳಿಬಿಟ್ಟರು: ಇಲ್ಲಿ ಕಂಡದ್ದು
ಇಲ್ಲೇ ಮಣ್ಣಾಗಬೇಕು. ರೈಲಿನಲ್ಲಿ, ಊಟದ ಮೇಜಿನಲ್ಲಿ,
ನಾಳೆ ಗಂಡನಾಗುವವನ ತೋಳಿನಲ್ಲಿ ಕೂಡ
ತುಟಿ ಎರಡು ಮಾಡಬಾರದು.
ಸಹಿ ಹಾಕಿದೆ: ಒಲಿವ್ ಡಕ್‌ವರ್ತ್, ವಯಸ್ಸು ಹತ್ತೊಂಬತ್ತು,
ಊರು ಪಡಿಹ್ಯಾಮ್, ತಾಯಿ ಗಿರಣಿಯ ನೇಕಾರಳು.

ಬಾಗಿಲು ತೆರೆದರೆ ಸೆಖೆ ಮುಖಕ್ಕೆ ಬಡಿಯಿತು.
ಗೋಡೆಯಿಂದ ಗೋಡೆಗೆ ನಿಂತಿತ್ತು ಅದು,
ಸಾವಿರದ ಲೆಕ್ಕದ ವಾಲ್ವುಗಳು ಗಾಜಿನೊಳಗೆ ನಿಗಿನಿಗಿ.
ರಾಟೆಯಿಂದ ರಾಟೆಗೆ ಕಾಗದದ ಪಟ್ಟಿ ಓಡುತ್ತಿತ್ತು,
ಮೈತುಂಬ ತೂತು, ಅಡ್ಡಕ್ಕೆ ಐದು,
ತೂತಿನಲ್ಲಿ ನುಸುಳಿದ ಬೆಳಕನ್ನು ಯಂತ್ರ ಎಣಿಸುತ್ತಿತ್ತು.
ಬರ್ಲಿನ್ನಿನ ಮಾತು ಅದರಲ್ಲಿತ್ತಂತೆ.
ನನಗೆ ಜರ್ಮನ್ ಬರುತ್ತಿರಲಿಲ್ಲ.

ಬರುತ್ತಿದ್ದದ್ದು ಒಂದೇ, ಕಡಿದ ಎಳೆ ಕೂಡಿಸುವುದು.
ಪಟ್ಟಿ ಹರಿದು
ಇಪ್ಪತ್ತು ಮಾರು ಕಾಗದ ಕರುಳಿನಂತೆ ನೆಲಕ್ಕೆ ಸುರಿದಾಗ
ಗಣಿತದ ಹುಡುಗರು ಕೈಕೈ ಹಿಸುಕಿಕೊಳ್ಳುವರು;
ನಾನು ಅಂಟು ಸವರಿ, ತೂತಿಗೆ ತೂತು ಹೊಂದಿಸಿ,
ಎರಡು ಬೆರಳಲ್ಲಿ ಒತ್ತಿ ಹಿಡಿದು ಅರವತ್ತು ಎಣಿಸುವೆ.
"ಯಾರು ಕಲಿಸಿದರು?" ಕೇಳಿದನೊಬ್ಬ.
ಅವ್ವ, ನಿನ್ನ ಹೆಸರು ಹೇಳಲಿಲ್ಲ.
ಅದೂ ಗುಟ್ಟೇ ಇರಬಹುದೆಂದುಕೊಂಡೆ.

ರಾತ್ರಿ ಪಾಳಿಯಲ್ಲಿ ಅದರ ಬೆನ್ನಿಗೆ ದಾರ ಕಟ್ಟಿ
ಒದ್ದೆ ಕಾಲುಚೀಲ ಒಣಹಾಕುತ್ತಿದ್ದೆವು.
ಆ ಚಳಿಗಾಲ ಇಷ್ಟು ಬೆಚ್ಚಗಿನ ಗೋಡೆ
ಇಂಗ್ಲೆಂಡಿನಲ್ಲಿ ಇನ್ನೊಂದಿರಲಿಲ್ಲ.

ರಜೆಗೆ ಬಂದೆ.
ನೀನು ಮಗ್ಗಕ್ಕೆ ಕಿವಿ ಕೊಟ್ಟು ಇಪ್ಪತ್ತೆಂಟು ವರ್ಷ;
ಕೊಟ್ಟ ಕಿವಿ ತಿರುಗಿ ಬಂದಿರಲಿಲ್ಲ.
ನಾನೂರು ಮಗ್ಗದ ಗದ್ದಲದಲ್ಲಿ ಗೆಳತಿಯರೊಡನೆ
ತುಟಿಯಲ್ಲೇ ಆಡಿ, ತುಟಿಯಲ್ಲೇ ಕೇಳಿದವಳು ನೀನು.
ನಿಮ್ಮಂಥ ಹೆಂಗಸರ ಕಣ್ಣೆದುರು
ಪಿಸುಮಾತಿಗೂ ಬೀಗವಿಲ್ಲ.
ಸ್ಕಾರ್ಫನ್ನು ಮೂಗಿನವರೆಗೆ ಎಳೆದುಕೊಂಡೆ,
ಗೋಡೆಯ ಕಡೆ ತಿರುಗಿ ಚಹಾ ಕುಡಿದೆ.
ನಿದ್ದೆಯ ಕೈಲಿ ಮಾತ್ರ ಯಾರೂ ಸಹಿ ಹಾಕಿಸಿರಲಿಲ್ಲ.

ಬೆಳಗ್ಗೆ ಓಟ್ಸಿನ ಗಂಜಿ ತಿರುವುತ್ತ ನೀನಂದೆ:
"ರಾತ್ರಿಯೆಲ್ಲ ಎಣಿಸಿದೆ. ಐವತ್ತೆಂಟಕ್ಕೇ ಬಿಡುತ್ತೀ.
ಎರಡು ಬಾಕಿಯಿರುವಾಗ ಕೈ ತೆಗೆದರೆ
ಯಾವ ಗಂಟೂ ನಿಲ್ಲುವುದಿಲ್ಲ, ಹುಡುಗಿ."
ಮತ್ತೆ ಗಂಜಿಗೆ ಉಪ್ಪು ಹಾಕಿದೆ.
ಏನು ಗಂಟು, ಯಾರದು ಎಂದು ಕೇಳಲಿಲ್ಲ,
ಆವತ್ತೂ, ಆಮೇಲೂ.

ಯುದ್ಧ ಮುಗಿದು ಅದನ್ನು ಬಿಚ್ಚಿ ಹಾಕಿದರು.
ವಾಲ್ವುಗಳು ಪೆಟ್ಟಿಗೆಗೆ, ನಕ್ಷೆಗಳು ಒಲೆಗೆ.
ನಾನು ಹೊಲಿಗೆಯಂಗಡಿ ಸೇರಿದೆ,
ಒಬ್ಬ ಒಳ್ಳೆಯವನನ್ನು ಮದುವೆಯಾದೆ,
ಅವನು ಏನೂ ತಿಳಿಯದೆ ಸತ್ತ.
ನೀನು ಅದಕ್ಕೂ ಮೊದಲು.
ಪೆಟ್ಟಿಗೆ ಮುಚ್ಚುವ ಮುನ್ನ ನಿನ್ನ ಬಾಯಿ ನೋಡಿದೆ:
ಎಲ್ಲ ಅಲ್ಲೇ ಇತ್ತು,
ಎಲ್ಲೂ ಒಂದು ತೂತಿಲ್ಲದೆ.