ಅರ್ಧ ಬೀಜ

ಬಂಡೆಯ ಕಾವು ರಾತ್ರಿ ಒಂಬತ್ತಾದರೂ ಇಳಿಯದ ಮಧುಗಿರಿಯಲ್ಲಿ
ಶನಿವಾರ ನಾನು ಬೀಜ ಎಣಿಸುತ್ತೇನೆ.
ಹಳೇ ಮುದ್ರಣಾಲಯದ ಗೋಡೆ, ಅದರ ಮೇಲೆ ನಮ್ಮ ಗೋಡೆಪತ್ರಿಕೆ,
ಹಾಳೆಗೊಂದು ಹಾರ್ಲಿಕ್ಸ್ ಸೀಸೆ.
ಮೆಚ್ಚಿದವರು ಹುಣಸೆ ಬೀಜ ಹಾಕಿ ಹೋಗಬೇಕು.
ಹೆಚ್ಚು ಬಿದ್ದದ್ದು ಮುಂದಿನ ವಾರವೂ ಕಣ್ಣೆತ್ತರದಲ್ಲಿ.
ಉಳಿದದ್ದು ಮೊಣಕಾಲ ಹತ್ತಿರ,
ಆಮೇಲೆ ಬೋಂಡದಂಗಡಿಗೆ.

ಮೊದಲ ಕಾನೂನು ನಾನೇ ಬರೆದದ್ದು:
ಬಂದವರಿಗೆ ವಾರಕ್ಕೊಂದು ಬೀಜ,
ಬರೆದವರಿಗೆ ಇನ್ನೈದು.
ನ್ಯಾಯವೆಂದೇ ಕಂಡಿತ್ತು.
ಉತ್ತವನಿಗೂ ಉಂಡವನಿಗೂ ಒಂದೇ ಅಳತೆಯೆ?

ಹನ್ನೊಂದು ವರ್ಷ ತಪ್ಪದೆ ಬರೆದ ರೇವಣಾರಾಧ್ಯ ಮೇಷ್ಟ್ರ ಬಳಿ
ಈಗ ಡಾಲ್ಡಾ ಡಬ್ಬಿ ತುಂಬ.
ಅವರು ಸುರಿದರೆ ಆಲಿಕಲ್ಲು.
ಸೀರೆಗೆ ಫಾಲ್ ಹೊಲಿಯುವ ಶಬ್ರೀನ್
ತನ್ನ ಒಂದನ್ನು ಬಿಟ್ಟರೆ
ಸೀಸೆಗೇ ಕೇಳಿಸುವುದಿಲ್ಲ.

ಮಿತಿ ಹಾಕಿದೆವು: ಒಬ್ಬರಿಂದ ಒಂದು ಹಾಳೆಗೆ ಹತ್ತೇ.
ಮರುವಾರ ಮೇಷ್ಟ್ರ ಮೊಮ್ಮಕ್ಕಳು, ಟ್ಯೂಷನ್ ಹುಡುಗರು,
ಹಾಲು ಹಾಕುವ ತಿಮ್ಮರಾಯಪ್ಪ ಕೂಡ ಸಾಲುಗಟ್ಟಿ ಬಂದರು,
ಮುಷ್ಟಿ ಮುಷ್ಟಿಯಲ್ಲೂ ಹತ್ತು.
ಕನ್ನಡಕ ಮರೆತು ಬಂದಿದ್ದ ತಿಮ್ಮರಾಯಪ್ಪ
ಯಾವ ಸೀಸೆ ಸ್ವಾಮಿ, ಎಂದು ನನ್ನನ್ನೇ ಕೇಳಿದ.

ತಲೆಗೊಂದೇ ಸಾಕು, ಎಂದಳು ಗಂಗಹನುಮಕ್ಕ.
ಮೇಷ್ಟ್ರು ಸಿಟ್ಟಾಗಲಿಲ್ಲ, ಅದೇ ಕಷ್ಟ.
ಈ ಗೋಡೆಗೆ ಸುಣ್ಣ ಬಳಿಸಿದ್ದು ಯಾರಪ್ಪ, ಎಂದರು ಮೆಲ್ಲಗೆ.
ಅವರೇ. ಎರಡು ಸಲ. ಸ್ವಂತ ದುಡ್ಡಲ್ಲಿ.

ಸಭೆ ಮುಗಿಸಿದ್ದು ನಾವಲ್ಲ, ಹುಳ.
ಡಬ್ಬಿ ತೆರೆದಾಗ ಬೀಜಕ್ಕೊಂದು ತೂತು,
ತಳದಲ್ಲಿ ಕಂದು ಹಿಟ್ಟು.
ಕೂಡಿಟ್ಟದ್ದು ಇಷ್ಟು ಹಗುರವೆಂದು ಅವರಿಗೂ ಗೊತ್ತಿರಲಿಲ್ಲ.
ಈಗ ಬರೆದವರಿಗೆ ಎರಡೇ ಹೆಚ್ಚು,
ತಿಂಗಳು ದಾಟಿದ ಬೀಜ ಒಲೆಗೆ.
ಸರಿಯೋ ತಪ್ಪೋ.
ಹಳೇ ಹಾಸಿಗೆಯ ಹತ್ತಿ ಇದು,
ಇಲ್ಲಿ ಒತ್ತಿದರೆ ಅಲ್ಲಿ ಉಬ್ಬುತ್ತದೆ.

ಒಂದು ಮಾತು ಯಾರಿಗೂ ಹೇಳಿಲ್ಲ:
ಎಣಿಸುವವನ ಬೆರಳಿಗೆ ಯಾರೂ ಮಿತಿ ಹಾಕಲಿಲ್ಲ.
ಒಮ್ಮೆ, ಒಂದೇ ಒಮ್ಮೆ, ಶಬ್ರೀನಳ ಹಾಳೆಯ ಸೀಸೆಗೆ
ಎರಡು...
ಸಾಕು.

ಈ ಶನಿವಾರ ಮೇಷ್ಟ್ರ ಸೀಸೆಯಲ್ಲಿ ಅರ್ಧ ಬೀಜ.
ಚೌಕಾಬಾರದ ಆಟಕ್ಕೆಂಬಂತೆ ಸೀಳಿದ್ದು,
ಬಿಳಿ ಮಗ್ಗುಲು ಮೇಲೆ.
ಇನ್ನರ್ಧ ಗಂಗಹನುಮಕ್ಕನದರಲ್ಲಿ,
ಅಂಚಿಗೆ ಅಂಟಿದ ಒಂದೆಳೆ ನೀಲಿ ದಾರ.

ಲೆಕ್ಕದ ಪುಸ್ತಕದಲ್ಲಿ ಅರ್ಧಕ್ಕೆ ಕಾಲಂ ಇಲ್ಲ.
ಸ್ಕೇಲು ಹುಡುಕಿಕೊಂಡು
ಗೆರೆ ಎಳೆಯುತ್ತಾ ಕೂತಿದ್ದೇನೆ.